ಹಾಲು ಉಕ್ಕಿದ ಮೇಲೆ ಹಾಬ್‌ನ ಸಣ್ಣ ಬರ್ನರ್ ಹತ್ತುತ್ತಿಲ್ಲ: ಸೆಲ್ಲೋ, ಕಡ್ಡಿಯೋ, ಥರ್ಮೋಕಪಲ್ಲೋ?

ಮಲೆನಾಡು_ಮನೆ
ನಾಲ್ಕು ಬರ್ನರಿನ ಹಾಬ್ (ಅಡುಗೆ ಕಟ್ಟೆಯಲ್ಲೇ ಹುದುಗಿಸಿದ ಗ್ಯಾಸ್ ಒಲೆ), ಸಿಲಿಂಡರ್ ಗ್ಯಾಸ್, ಕೆಳಗೆ ಡಿ ಸೈಜಿನ ಒಂದು ಸೆಲ್. ಹಾಲು ಉಕ್ಕಿ ಬಲಗಡೆಯ ಸಣ್ಣ ಬರ್ನರ್ ಮೇಲೆಲ್ಲ ಚೆಲ್ಲಿತ್ತು. ಈಗ ಯಾವ ನಾಬ್ ಒತ್ತಿದರೂ ಉಳಿದ ಮೂರರಲ್ಲಿ ಕಿಡಿ ಬರುತ್ತದೆ, ಇದರಲ್ಲಿ ಮಾತ್ರ ಇಲ್ಲ. ಲೈಟರ್ ಹಿಡಿದರೆ ಹತ್ತುತ್ತದೆ, ಆದರೆ ನಾಬ್ ಬಿಟ್ಟ ಕೂಡಲೇ ಆರಿಹೋಗುತ್ತದೆ. ಏನು ಬದಲಾಯಿಸಬೇಕು?

ಮೇಷ್ಟ್ರು_ಮಂಡ್ಯ
ಮೊದಲು ಸೆಲ್ ಬದಲಾಯಿಸಿ. ಅಗ್ಗದ ಸೆಲ್ ಬೇಡ, ಆಲ್ಕಲೈನ್ ಹಾಕಿ. ರೀಚಾರ್ಜ್ ಸೆಲ್ 1.5 ವೋಲ್ಟ್ ಅಲ್ಲ, 1.2 ವೋಲ್ಟ್, ಅದರಲ್ಲಿ ಕಿಡಿ ನಿಧಾನವಾಗುತ್ತದೆ.

ಸ್ಟವ್_ರಿಪೇರಿ_ಹುಬ್ಬಳ್ಳಿ
ಸೆಲ್ ಅಲ್ಲ ಮೇಷ್ಟ್ರೇ. ನಾಲ್ಕಕ್ಕೂ ಸೆಲ್ ಒಂದೇ, ಮೂರರಲ್ಲಿ ಕಿಡಿ ಚೆನ್ನಾಗಿದೆ ಅಂತ ಅವರೇ ಬರೆದಿದ್ದಾರೆ. ಇಲ್ಲಿ ತೊಂದರೆ ಒಂದಲ್ಲ, ಎರಡು. ಕಿಡಿ ಬರದಿರುವುದು ಒಂದು, ಹತ್ತಿದ್ದು ನಿಲ್ಲದಿರುವುದು ಇನ್ನೊಂದು. ಇವೆರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ, ಹಾಲು ಮಾತ್ರ ಎರಡರ ಮೇಲೂ ಬಿದ್ದಿದೆ.

ಬರ್ನರ್ ಪಕ್ಕದಲ್ಲಿ ಎರಡು ಕಡ್ಡಿ ಕಾಣಿಸುತ್ತವೆ. ಬಿಳಿ ಪಿಂಗಾಣಿ ಮೈಯಿದ್ದು ಮೇಲೆ ತೆಳ್ಳನೆ ಲೋಹದ ತುದಿ ಇರುವುದು ಇಗ್ನೈಟರ್, ಅಂದರೆ ಕಿಡಿ ಕೊಡುವುದು. ಪೂರ್ತಿ ಲೋಹದ್ದಾಗಿ ತುದಿ ಗುಂಡಗಿರುವುದು ಥರ್ಮೋಕಪಲ್, ಅದು ಉರಿ ಇದೆಯೋ ಇಲ್ಲವೋ ನೋಡಿಕೊಳ್ಳುವುದು: ಕಾದಾಗ ಸಣ್ಣ ವಿದ್ಯುತ್ ಹುಟ್ಟಿಸಿ, ವಾಲ್ವಿನೊಳಗಿನ ಮ್ಯಾಗ್ನೆಟ್ ಗ್ಯಾಸನ್ನು ತೆರೆದಿಡುವಂತೆ ಮಾಡುತ್ತದೆ, ಉರಿ ಆರಿದರೆ ಗ್ಯಾಸ್ ನಿಲ್ಲುತ್ತದೆ. ಎಷ್ಟೋ ಜನ ಒಂದಕ್ಕೆ ಬದಲು ಇನ್ನೊಂದನ್ನು ತಂದು ದುಡ್ಡು ಕಳೆದುಕೊಳ್ಳುತ್ತಾರೆ.

ಮೇಷ್ಟ್ರು_ಮಂಡ್ಯ
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಸೆಲ್ ಬಡವಾದಾಗ ಕಿಡಿ ಹಾರಬೇಕಾದ ಅಂತರ ಎಲ್ಲಿ ಹೆಚ್ಚಿದೆಯೋ ಅಲ್ಲಿ ಮೊದಲು ನಿಲ್ಲುತ್ತದೆ. ಒಂದೇ ಬರ್ನರ್ ಕೆಟ್ಟಿದೆ ಅಂದಮಾತ್ರಕ್ಕೆ ಸೆಲ್ಲನ್ನು ಬಿಟ್ಟುಬಿಡುವ ಹಾಗಿಲ್ಲ.

ಸ್ಟವ್_ರಿಪೇರಿ_ಹುಬ್ಬಳ್ಳಿ
ಅದು ನಿಜ. ಅದಕ್ಕೆ ಕಿವಿಯೇ ಸಾಕು. ಟಕಟಕ ಎಂದು ಒಂದೇ ಸಮ ವೇಗವಾಗಿ ಬಡಿದರೆ ಸೆಲ್ ಸರಿ ಇದೆ. ಟಕ್… ಟಕ್… ಎಂದು ಬಿಟ್ಟು ಬಿಟ್ಟು ಬಂದರೆ ಸೆಲ್ ಬದಲಾಯಿಸಿ, ಸೆಲ್ ಡಬ್ಬಿಯ ಲೋಹದ ಪಟ್ಟಿಗೆ ಹಸಿರು ಅಥವಾ ಬಿಳಿ ಕಿಲುಬು ಹಿಡಿದಿದ್ದರೆ ಕೆರೆದು ಒರೆಸಿ.

ಈಗ ಕೆಲಸ. ಗ್ಯಾಸ್ ರೆಗ್ಯುಲೇಟರ್‌ನಲ್ಲೇ ಬಂದ್ ಮಾಡಿ, ಕಿಟಕಿ ತೆಗೆದು ಸ್ವಲ್ಪ ಹೊತ್ತು ಬಿಡಿ, ಅಡುಗೆಮನೆ ದೀಪ ಆರಿಸಿ, ನಾಬ್ ಒತ್ತಿ ಕಿಡಿ ಎಲ್ಲಿಂದ ಹಾರುತ್ತದೆ ನೋಡಿ. ತುದಿಯಿಂದ ಬರ್ನರ್ ಮುಚ್ಚಳದ ಅಂಚಿಗೆ ನೀಲಿ-ಬಿಳಿ ಗೆರೆ ಹಾರಬೇಕು. ಪಿಂಗಾಣಿಯ ಪಕ್ಕದಿಂದ, ಬುಡದ ಕಡೆಗೆ ಹಾರುತ್ತಿದ್ದರೆ ಅದು ಕೂದಲಿನಷ್ಟು ಸೀಳಿದೆ ಅಂತ ಅರ್ಥ. ಅಂಟು ಹಚ್ಚಿ ಪ್ರಯೋಜನವಿಲ್ಲ, ಕಡ್ಡಿಯನ್ನೇ ಬದಲಾಯಿಸಬೇಕು. ಏನೂ ಕಾಣದಿದ್ದರೆ ಸುಟ್ಟ ಹಾಲಿನ ಪದರ ಕಿಡಿಯನ್ನು ಒಳಗೊಳಗೇ ಹಾಬ್‌ನ ಲೋಹದ ಮೈಗೆ ಹರಿಸುತ್ತಿದೆ. ಹಳೆ ಹಲ್ಲುಜ್ಜುವ ಬ್ರಷ್‌ಗೆ ಪಾತ್ರೆ ಸೋಪಿನ ನೀರು ಹಚ್ಚಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಲೋಹದ ತುದಿಗೆ ಮಾತ್ರ ಸಣ್ಣ ಎಮರಿ ಕಾಗದ ಆಡಿಸಿ. ತುದಿಗೂ ಮುಚ್ಚಳಕ್ಕೂ 3ರಿಂದ 5 ಮಿಲಿಮೀಟರ್ ಅಂತರ ಇರಲಿ. ಕಡ್ಡಿಯನ್ನು ಬಗ್ಗಿಸಲು ಹೋಗಬೇಡಿ, ಪಿಂಗಾಣಿ ಒಡೆಯುತ್ತದೆ. ಅಂತರ ತಪ್ಪಿದ್ದರೆ ಬಹುಮಟ್ಟಿಗೆ ಮುಚ್ಚಳ ಓರೆ ಕೂತಿರುತ್ತದೆ, ಅದನ್ನು ತಿರುಗಿಸಿ ಗುಣಿಯಲ್ಲಿ ಕೂರಿಸಿ.

ಕುಡ್ಲ_ಅಡುಗೆ
ಒರೆಸಿದ ಮೇಲೆ ಒಣಗಿಸುವುದನ್ನು ಬಿಟ್ಟಿರಿ ಅಣ್ಣ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಏನೂ ಚೆಲ್ಲದಿದ್ದರೂ ಪಿಂಗಾಣಿ ಮೇಲೆ ಪಸೆ ಕೂತು ಕಿಡಿ ನಿಲ್ಲುತ್ತದೆ. ಹೇರ್ ಡ್ರೈಯರ್ ಇದ್ದರೆ ಗ್ಯಾಸ್ ಬಂದ್ ಇರುವಾಗಲೇ ಕಡಿಮೆ ಬಿಸಿಯಲ್ಲಿ ಐದು ನಿಮಿಷ ಗಾಳಿ ಹಾಯಿಸಿ. ನಾಬ್ ಬಿಟ್ಟ ಮೇಲೂ ಟಕಟಕ ನಿಲ್ಲದಿದ್ದರೆ ನಾಬ್ ಕೆಳಗಿನ ಸ್ವಿಚ್ಚಿಗೆ ನೀರು ಇಳಿದಿದೆ. ಸೆಲ್ ತೆಗೆದಿಟ್ಟು ಒಂದು ರಾತ್ರಿ ಆರಲು ಬಿಡಿ, ಆಮೇಲೂ ನಿಲ್ಲದಿದ್ದರೆ ಸ್ವಿಚ್ಚಿನ ಸರವನ್ನೇ ಬದಲಾಯಿಸಬೇಕಾಗುತ್ತದೆ.

ಕೋಲಾರ_ಹಳ್ಳಿಮನೆ
ಇಷ್ಟೆಲ್ಲ ಯಾಕೆ? ಬರ್ನರನ್ನು ರಾತ್ರಿಯಿಡೀ ಹುಣಸೆನೀರಲ್ಲಿ ನೆನೆಹಾಕಿ, ಜೆಟ್ಟಿಗೆ (ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಹಿತ್ತಾಳೆ ತುಣುಕು) ಪಿನ್ನು ಚುಚ್ಚಿ, ಮುಗೀತು.

ಸ್ಟವ್_ರಿಪೇರಿ_ಹುಬ್ಬಳ್ಳಿ
ಎರಡೂ ಬೇಡ. ಲೈಟರ್ ಹಿಡಿದರೆ ಹತ್ತುತ್ತದೆ ಅಂದಮೇಲೆ ಜೆಟ್ಟಲ್ಲಿ ಗ್ಯಾಸ್ ಬರುತ್ತಿದೆ, ಅದನ್ನು ಮುಟ್ಟುವ ಕಾರಣವೇ ಇಲ್ಲ. ಜೆಟ್ಟಿನ ತೂತು ಒಂದು ಮಿಲಿಮೀಟರಿಗಿಂತ ಚಿಕ್ಕದು, ಹಿತ್ತಾಳೆ ಮೆದು. ಗುಂಡುಪಿನ್ನು ಚುಚ್ಚಿದರೆ ತೂತು ಅಗಲವಾಗಿ ಉರಿ ಹಳದಿಯಾಗುತ್ತದೆ, ಪಾತ್ರೆ ತಳ ಕಪ್ಪಾಗುತ್ತದೆ. ನಿಜಕ್ಕೂ ಕಟ್ಟಿದ್ದರೆ ಬಿಚ್ಚಿ ಸೋಪುನೀರಲ್ಲಿ ಹಾಕಿ ಊದಬೇಕು.

ಹಿತ್ತಾಳೆ ಮುಚ್ಚಳಕ್ಕೆ ಹುಣಸೆನೀರು 15–20 ನಿಮಿಷ ಸಾಕು. ರಾತ್ರಿಯಿಡೀ ಬಿಟ್ಟರೆ ಮೇಲ್ಮೈಯ ಸತು ಕರಗಿ ಕೆಂಪಗಾಗುತ್ತದೆ. ಹಾಬ್‌ಗಳಲ್ಲಿ ಬರ್ನರಿನ ಬುಡ ಎಷ್ಟೋ ಸಲ ಅಲ್ಯೂಮಿನಿಯಂ, ಅದಕ್ಕೆ ವಾಷಿಂಗ್ ಸೋಡಾ ತಾಗಿಸಲೇಬೇಡಿ, ಕೊರೆದುಬಿಡುತ್ತದೆ. ನಿಮ್ಮ ಕಡೆ ಬೋರ್‌ವೆಲ್ ನೀರು ಗಡಸು. ತೊಳೆದು ಹಾಗೇ ಒಣಗಿಸಿದರೆ ಉರಿ ಬರುವ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಕೊನೆಯ ಸಲ ಕುಡಿಯುವ ನೀರಲ್ಲಿ ತೊಳೆದು ಒರೆಸಿಡಿ.

ಬೆಂಗಳೂರು_ಫ್ಲ್ಯಾಟ್
ಪೈಪ್ ಗ್ಯಾಸ್ ಇರುವವರಿಗೆ ಒಂದು ಮಾತು. ಸಿಲಿಂಡರಿನ ಜೆಟ್ ಹಾಗೇ ಬಿಟ್ಟು ಪಿಎನ್‌ಜಿ ಕೊಟ್ಟರೆ ಉರಿ ಸಣ್ಣದಾಗಿ, ಕಿಡಿ ಇದ್ದರೂ ಸರಿಯಾಗಿ ಹತ್ತುವುದಿಲ್ಲ. ಪಿಎನ್‌ಜಿ ಜೆಟ್ಟಿನ ತೂತು ದೊಡ್ಡದು. ಅದನ್ನು ಸಿಲಿಂಡರಿಗೆ ಬಳಸಿದರೆ ಉರಿ ಮಿತಿಮೀರಿ ಏಳುತ್ತದೆ. ಸಂಪರ್ಕ ಬದಲಾದಾಗ ಜೆಟ್ಟೂ ಬದಲಾಗಬೇಕು.

ಮಲೆನಾಡು_ಮನೆ
ಬಿಳಿ ಕಡ್ಡಿ ಒರೆಸಿ ಒಣಗಿಸಿದೆ, ಕಿಡಿ ಬಂತು, ಲೈಟರ್ ಇಲ್ಲದೆ ಹತ್ತಿತು. ನಾಬ್ ಬಿಟ್ಟರೆ ಆರುವುದು ಹಾಗೇ ಇದೆ. ಲೋಹದ ಕಡ್ಡಿಯನ್ನೂ ಒರೆಸಿದ್ದೇನೆ.

ರಾಯಚೂರು_ಫಿಟ್ಟರ್
ಥರ್ಮೋಕಪಲ್ ಕೆಟ್ಟರೆ ಅದನ್ನು ಬೈಪಾಸ್ ಮಾಡಿಸಿ. ಉರಿ ಇಲ್ಲದಿದ್ದರೂ ವಾಲ್ವ್ ತಾನಾಗಿ ಮುಚ್ಚಿಕೊಳ್ಳದ ಹಾಗೆ ಮಾಡಿದರೆ ನಾಬ್ ಹಿಡಿದು ನಿಲ್ಲುವ ಗೋಳೇ ಇಲ್ಲ. ಹಳೇ ಸ್ಟವ್‌ಗಳಲ್ಲಿ ಇದೆಲ್ಲ ಎಲ್ಲಿತ್ತು?

ಮೇಷ್ಟ್ರು_ಮಂಡ್ಯ
ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ. ಸಣ್ಣ ಬರ್ನರ್ ಪೂರ್ತಿ ತೆರೆದಿದ್ದರೆ ಗಂಟೆಗೆ ಸುಮಾರು 75 ಗ್ರಾಂ ಎಲ್‌ಪಿಜಿ ಹೋಗುತ್ತದೆ. ಅನಿಲವಾಗಿ ಲೆಕ್ಕ ಹಾಕಿದರೆ 30 ಲೀಟರಿಗೂ ಹೆಚ್ಚು. ಗಾಳಿಯಲ್ಲಿ ಅದು ಸುಮಾರು 2% ಸೇರಿದರೆ ಹೊತ್ತಿಕೊಳ್ಳುತ್ತದೆ. ಅಂದರೆ ಒಂದೇ ಗಂಟೆಯಲ್ಲಿ ಸುಮಾರು 1500 ಲೀಟರ್ ಗಾಳಿ ಸಿಡಿಯುವ ಮಿಶ್ರಣವಾಗಬಹುದು. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಇಳಿದು ಸೇರುತ್ತದೆ. ಹಾಬ್ ಕೆಳಗೆ ಮುಚ್ಚಿದ ಕಪಾಟು ಇರುತ್ತದೆ, ಅನೇಕ ಮನೆಗಳಲ್ಲಿ ಸಿಲಿಂಡರೂ ಅಲ್ಲೇ. ಹಳೇ ಸ್ಟವ್ ಕಟ್ಟೆಯ ಮೇಲೆ ತೆರೆದಿರುತ್ತಿತ್ತು, ಆದರೂ ಅದು ಸುರಕ್ಷಿತ ಅಂತ ಯಾರೂ ಹೇಳಿಲ್ಲ.

ಕುಡ್ಲ_ಅಡುಗೆ
ಸಣ್ಣ ಬರ್ನರನ್ನೇ ಸಿಮ್‌ನಲ್ಲಿಟ್ಟು ಹಾಲು ಕಾಯಿಸುವುದು, ಗಾಳಿಗೆ ಆರುವುದೂ ಅದೇ. ಎಲ್ಲಕ್ಕಿಂತ ಮೊದಲು ಕಾವಲು ಬೇಕಾದದ್ದು ಅಲ್ಲಿ. ಮನೆಯ ಹಿರಿಯರು ಉರಿ ಆರಿದರೆ ಗ್ಯಾಸ್ ತಾನೇ ನಿಲ್ಲುತ್ತದೆ ಅಂತ ನಂಬಿಕೊಂಡಿರುತ್ತಾರೆ.

ರಾಯಚೂರು_ಫಿಟ್ಟರ್
ಸಿಮ್‌ನಲ್ಲಿ 75 ಗ್ರಾಂ ಹೋಗುವುದಿಲ್ಲ, ಬಹಳ ಕಡಿಮೆ.

ಮೇಷ್ಟ್ರು_ಮಂಡ್ಯ
ಕಡಿಮೆ ಹೋದರೆ ವಾಸನೆಯೂ ತಡವಾಗಿ ತಿಳಿಯುತ್ತದೆ. ಮುಚ್ಚಿದ ಕಪಾಟಿಗೆ ಅಷ್ಟೂ ಬೇಕಿಲ್ಲ.

ಸ್ಟವ್_ರಿಪೇರಿ_ಹುಬ್ಬಳ್ಳಿ
ಬೈಪಾಸ್ ಮಾತು ಇಲ್ಲಿಗೆ ಬಿಡೋಣ, ನಾನಂತೂ ಮಾಡಿಕೊಡುವುದಿಲ್ಲ. ಮಲೆನಾಡಿನವರೇ, ನಾಬನ್ನು ಪೂರ್ತಿ ಒತ್ತಿ, ಉರಿ ದೊಡ್ಡದಿಟ್ಟು 10 ಸೆಕೆಂಡ್ ಹಿಡಿದು ಬಿಡಿ. ತುದಿ ಉರಿಯೊಳಗೇ ಇದೆಯೇ ನೋಡಿ. ಕೆಳಗೆ ಜಾರಿದ್ದರೆ ಅದಕ್ಕೆ ಕಾವೇ ತಾಗುವುದಿಲ್ಲ. ಅದು ಸರಿ ಇದ್ದೂ ಆರಿದರೆ ಗ್ಯಾಸ್ ಬಂದ್ ಮಾಡಿ, ಸೆಲ್ ತೆಗೆದು ಮೇಲಿನ ಗಾಜು ಎತ್ತಬೇಕು. ಥರ್ಮೋಕಪಲ್ಲಿನ ಇನ್ನೊಂದು ತುದಿ ವಾಲ್ವಿಗೆ ಸೇರುವ ಜಾಗ ಸಡಿಲವಾಗಿದ್ದರೂ ಇದೇ ಲಕ್ಷಣ.

ಮಲ್ಟಿಮೀಟರ್ ಇದ್ದರೆ ಊಹೆ ಬೇಕಿಲ್ಲ. ವಾಲ್ವಿನಿಂದ ಬಿಡಿಸಿ, ಮಿಲಿವೋಲ್ಟಿಗೆ ಇಟ್ಟು, ತುದಿಗೆ ಮೇಣದಬತ್ತಿ ಉರಿ ಹಿಡಿಯಿರಿ. ಅರ್ಧ ನಿಮಿಷದಲ್ಲಿ 15–20 ಮಿಲಿವೋಲ್ಟ್ ಬಂದರೆ ಅದು ಸರಿ, ತೊಂದರೆ ವಾಲ್ವಿನ ಮ್ಯಾಗ್ನೆಟ್ಟಿನಲ್ಲಿ. ಪಕ್ಕದ ಬರ್ನರಿನದನ್ನೂ ಅಳೆದು ಹೋಲಿಸಿ.

ಮಲೆನಾಡು_ಮನೆ
ಸಣ್ಣದರಲ್ಲಿ 3, ಪಕ್ಕದ್ದರಲ್ಲಿ 22. ಅಂಗಡಿಯಲ್ಲಿ ಏನೆಂದು ಕೇಳಲಿ?

ಸ್ಟವ್_ರಿಪೇರಿ_ಹುಬ್ಬಳ್ಳಿ
ಹಾಗಾದರೆ ಥರ್ಮೋಕಪಲ್ಲೇ ಹೋಗಿದೆ. ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಮೂರು ಹೊಂದಬೇಕು: ಉದ್ದ, ಬರ್ನರಿಗೆ ಕೂರುವ ತಲೆಯ ಆಕಾರ, ವಾಲ್ವ್ ಕಡೆಯದು ಸಿಕ್ಕಿಸುವ ಪಿನ್ನೋ ತಿರುಗಿಸುವ ನಟ್ಟೋ ಎಂಬುದು. ಉದ್ದ ಕಡಿಮೆಯಾದರೆ ಎಳೆತ ಬಿದ್ದು ಬೇಗ ಸಡಿಲಾಗುತ್ತದೆ. ನಟ್ ಇದ್ದರೆ ಕೈಯಲ್ಲಿ ಬಿಗಿದು, ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಮಾತ್ರ. ಗಾಜು ಕೂರಿಸುವ ಮೊದಲು ಗ್ಯಾಸ್ ಬಿಟ್ಟು ಜೋಡಣೆಗಳಿಗೆ ಸೋಪುನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸಿಲಿಂಡರ್ ಬಂದ್ ಮಾಡಿ 1906ಕ್ಕೆ ಫೋನ್ ಮಾಡಿ. ಗುಳ್ಳೆ ಇಲ್ಲದಿದ್ದರೆ ಬರ್ನರ್ ಹತ್ತಿಸಿ, ಎರಡು ನಿಮಿಷ ಉರಿಸಿ, ಊದಿ ಆರಿಸಿ. ಒಂದು ನಿಮಿಷದೊಳಗೆ ವಾಲ್ವ್ ಟಪ್ ಎಂದು ಮುಚ್ಚಿಕೊಳ್ಳುವ ಸದ್ದು ಕೇಳಬೇಕು. ಕೇಳದಿದ್ದರೆ ನಾಬ್ ತಿರುಗಿಸಿ ಬಂದ್ ಮಾಡಿ, ಮ್ಯಾಗ್ನೆಟ್ ಪರೀಕ್ಷೆಯಾಗುವ ತನಕ ಆ ಬರ್ನರ್ ಬಳಸಬೇಡಿ.