ಪದಚರ್ಚೆ: ಎಳೆಯ ನಕ್ಷತ್ರದ ಸುತ್ತ ಇರುವ ‘ಗ್ಯಾಸ್ ಡಿಸ್ಕ್’ಗೆ ಏನನ್ನೋಣ?

ಮಡಿಕೇರಿಯ ಟೀಚರಿಗೆ ನಮಸ್ಕಾರ.

ಎಳೆಯ ನಕ್ಷತ್ರವನ್ನು ಸುತ್ತುವ ಅನಿಲದ ಚಪ್ಪಟೆ ಹರವಿಗೆ, ಅಂದರೆ ‘ಗ್ಯಾಸ್ ಡಿಸ್ಕ್’ಗೆ, ಕನ್ನಡದ ಹೆಸರು ಕೇಳಿದ್ದೀರಿ. ಶಾಲೆಯ ಬೋರ್ಡ್ ನಾಳೆಯೇ ಬರೆಸಬೇಕು ಅಂದಿದ್ದೀರಿ. ಕೆಲವರು ‘ಬಳೆ’ ಅಂದರು, ಇನ್ನು ಕೆಲವರು ‘ಗಾಳಿತಟ್ಟೆ’ ಅಂದರು. ‘ಅನಿಲ ತಟ್ಟೆ’ ಅಂತ ಬರೆಸಿಬಿಡಿ.

‘ಬಳೆ’ ಬೇಡವೇ ಬೇಡ. ಹಾಗೆ ಹೇಳಿದವರು 2014ರಲ್ಲಿ ಚಿಲಿಯ ಆಲ್ಮಾ ದೂರದರ್ಶಕ ತೆಗೆದ, ಎಚ್‌ಎಲ್ ಟೌರಿ ಅನ್ನುವ ಎಳೆಯ ನಕ್ಷತ್ರದ ಚಿತ್ರ ನೋಡಿರಬೇಕು. ಅಲ್ಲಿ ಕಾಣುವ ಬಳೆಗಳು ದೂಳಿನವು. ಟೀಚರ್ ಕೇಳಿದ್ದು ಅನಿಲದ ಬಗ್ಗೆ. ಇಡೀ ತಟ್ಟೆಯ ತೂಕದಲ್ಲಿ ನೂರಕ್ಕೆ 99 ಪಾಲು ಅನಿಲವೇ ಅಂತ ಸಾಮಾನ್ಯ ಲೆಕ್ಕ. ಅದರಲ್ಲಿ ಜಾಸ್ತಿ ಇರುವುದು ಹೈಡ್ರೋಜನ್. ಆದರೆ ಅಲ್ಲಿನ ಚಳಿಗೆ ಅದರಿಂದ ನಾವು ಹಿಡಿಯುವಂಥ ಅಲೆ ಏನೂ ಹೊಮ್ಮುವುದಿಲ್ಲ ಅಂದರೂ ಸರಿ. ಹಾಗಾಗಿ ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್ ಬಿಡುವ 1.3 ಮಿಲಿಮೀಟರ್ ಉದ್ದದ ರೇಡಿಯೋ ಅಲೆಯನ್ನು ಹಿಡಿಯುತ್ತಾರೆ. ತಟ್ಟೆಯ ಒಂದು ಪಕ್ಕ ನಮ್ಮ ಕಡೆ ಬರುತ್ತಿದ್ದರೆ ಅಲೆ ಒಂಚೂರು ಗಿಡ್ಡ, ದೂರ ಹೋಗುವ ಪಕ್ಕದಲ್ಲಿ ಒಂಚೂರು ಉದ್ದ. ಅನಿಲ ಸುತ್ತುತ್ತಿದೆ ಅಂತ ಗೊತ್ತಾಗುವುದೇ ಹೀಗೆ. ಬಳೆಗಳಲ್ಲ, ಸುತ್ತುವ ಒಂದು ಇಡೀ ಹರವು ಅದು.

‘ತಟ್ಟೆ ಅಂದರೆ ಊಟದ್ದು’ ಅನ್ನುವ ತಕರಾರು ನಿಲ್ಲುವುದಿಲ್ಲ. ‘ಹಾರುವ ತಟ್ಟೆ’ ಅಂದಾಗ ಯಾರಿಗೆ ಊಟ ನೆನಪಾಗುತ್ತದೆ? ತಮಿಳಿನಲ್ಲೂ ‘ತಟ್ಟೈ’ ಅಂದರೆ ಚಪ್ಪಟೆ. ಬೇರಿನಲ್ಲೇ ಆ ಅರ್ಥ ಇದೆ.

ಇನ್ನು ‘ಗಾಳಿತಟ್ಟೆ’ಯೇ ಆಗಬೇಕು, ‘ಅನಿಲ’ ಸಂಸ್ಕೃತ ಅಂತ ಹಠ ಹಿಡಿದ ಹಿರಿಯರಿಗೆ ಒಂದು ಮಾತು. ಈ ತಟ್ಟೆಯಿಂದ ಅನಿಲ ಹೊರಕ್ಕೆ ಬೀಸಿ ಹೋಗುವುದೂ ಉಂಟು. ಅದನ್ನು ಖಗೋಳದವರು ‘ವಿಂಡ್’ ಅಂತಲೇ ಕರೆಯುತ್ತಾರೆ. ‘ಗಾಳಿ’ಯನ್ನು ಇಲ್ಲೇ ಖರ್ಚು ಮಾಡಿದರೆ ಅದಕ್ಕೆ ಏನು ಉಳಿಯಿತು? ‘ತಟ್ಟೆಗಾಳಿ’ ಅಂತ ಎಷ್ಟು ಚೆಂದದ ಮಾತು ಸಿಗುತ್ತಿತ್ತು, ಅಲ್ವಾ? ಅಚ್ಚಗನ್ನಡ ನನಗೂ ಪ್ರೀತಿಯದ್ದೇ. ಆದರೆ ಎರಡು ಬೇರೆ ವಿಷಯಗಳನ್ನು ಒಂದೇ ಪದಕ್ಕೆ ತುರುಕಿದರೆ ಕನ್ನಡಕ್ಕೇ ನಷ್ಟ. ‘ಅಡುಗೆ ಅನಿಲ’ ದಿನಾ ಪೇಪರಿನಲ್ಲಿ ಬರುತ್ತದೆ, ಓದಿದ ಯಾರೂ ತಡವರಿಸುವುದಿಲ್ಲ. ಸಂಸ್ಕೃತದಿಂದ ಬಂತು ಅಂತ ಸುಮ್ನೆ ಓಡಿಸುವುದು ಬೇಡ.

‘ಯುವ ನಕ್ಷತ್ರ’ ಬೇಡ, ‘ಎಳೆಯ ನಕ್ಷತ್ರ’ ಇರಲಿ. ಅಲ್ಲಿ ಗ್ರಹಗಳು ಇನ್ನೂ ಕೂಡಿಬರುತ್ತಿವೆ, ‘ಎಳೆಯ’ ಅನ್ನುವುದು ಅದಕ್ಕೆ ಹೊಂದುತ್ತದೆ.

ಟೀಚರ್, ಜಾಗ ಇದ್ದರೆ ಬೋರ್ಡಿನಲ್ಲಿ ಇದನ್ನೂ ಸೇರಿಸಿ: ಎಚ್‌ಎಲ್ ಟೌರಿ ಇರುವುದು ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿ, ಆಕಾಶದಲ್ಲಿ ರೋಹಿಣಿಯ ಪಕ್ಕದಲ್ಲೇ. ಅದು ಬರಿಗಣ್ಣಿಗೆ ಕಾಣದು, ರೋಹಿಣಿ ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ, ಡಿಸೆಂಬರ್ ರಾತ್ರಿ ಕಾಫಿ ಕಣದಲ್ಲಿ ನಿಂತು ನೋಡಿದರೆ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ.