ಪೇರಲ ಗಿಡದ ಕಡ್ಡಿ ಹುಳ ಮೊಟ್ಟೆ ಇಡ್ತಾ ಇದೆ, ಗಂಡು ಇಲ್ಲ. ಮರಿ ಆಗುತ್ತಾ?

ನಿಟುವಳ್ಳಿ_ಹಿತ್ತಲು:

ನಮ್ಮದು ದಾವಣಗೆರೆ. ಹಿತ್ತಲ ಪೇರಲ ಗಿಡದಲ್ಲಿ ಮಗಳಿಗೆ ಒಂದು ಕಡ್ಡಿ ಹುಳ ಸಿಕ್ಕಿದೆ. ಗೇಣಿಗಿಂತ ಸ್ವಲ್ಪ ಗಿಡ್ಡ, ರೆಕ್ಕೆ ಇಲ್ಲ. ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ತೂತು ಹೊಡೆದು, ಪೇರಲ ಎಲೆ ಹಾಕಿ ಇಟ್ಟಿದ್ದೇವೆ. ಹಗಲೆಲ್ಲ ಅಲ್ಲಾಡುವುದಿಲ್ಲ, ರಾತ್ರಿ ಎಲೆ ಅಂಚಿನಿಂದ ತಿನ್ನುತ್ತಾ ಬರುತ್ತದೆ. ಈಗ ಡಬ್ಬಿಯ ತಳದಲ್ಲಿ ಕೊತ್ತಂಬರಿ ಬೀಜಕ್ಕಿಂತ ಸಣ್ಣ ಕಂದು ಕಾಳುಗಳು ಬಿದ್ದಿವೆ. ಹಿಕ್ಕೆ ಬೇರೆ ಇದೆ, ಅದು ಪುಡಿಪುಡಿಯಾಗಿ ಉದ್ದಕ್ಕಿರುತ್ತದೆ. ಇವು ದುಂಡಗೆ, ಗಟ್ಟಿಯಾಗಿವೆ, ಒಂದು ತುದಿಗೆ ಮುಚ್ಚಳದ ಹಾಗೆ ಏನೋ ಇದೆ. ಮೊಟ್ಟೆಯೇ ಅಲ್ವಾ?

ಇರುವುದು ಒಂದೇ ಹುಳ. ಗಂಡಿಲ್ಲದೆ ಮರಿ ಆಗುತ್ತಾ? ಡಬ್ಬಿ ಸಾಕಾ? ನಮ್ಮೂರ ಏಪ್ರಿಲ್ ಬಿಸಿಲು ತಡೆಯುತ್ತಾ? ಅತ್ತೆ ದಿನಾ "ಅದು ವಿಷದ ಹುಳ, ಆಚೆ ಬಿಸಾಕು" ಅಂತಾರೆ. ಅದಕ್ಕೂ ಒಂದು ಉತ್ತರ ಕೊಡಿ.

ದುರ್ಗದ_ಕಡ್ಡಿ:

ಮೇಡಂ, ಮೊಟ್ಟೆಯೇ. ಆ ಮುಚ್ಚಳ ತೆರೆದುಕೊಂಡೇ ಮರಿ ಹೊರಗೆ ಬರುವುದು.

ಗಂಡಿನ ವಿಷಯ. ಕಡ್ಡಿ ಹುಳಗಳಲ್ಲಿ ಎಷ್ಟೋ ಜಾತಿಗಳಿಗೆ ಗಂಡು ಬೇಕಾಗಿಲ್ಲ. ಕೂಡದೇ ಇಟ್ಟ ಮೊಟ್ಟೆಯಿಂದಲೂ ಮರಿ ಬರುತ್ತದೆ, ಬಂದದ್ದೆಲ್ಲ ಹೆಣ್ಣು. ಪ್ರಪಂಚದ ಪ್ರಯೋಗಾಲಯಗಳಲ್ಲಿ, ಶಾಲೆಗಳಲ್ಲಿ ಜಾಸ್ತಿ ಸಾಕುವ ಕರಾಸಿಯಸ್ ಮೊರೋಸಸ್ ಅನ್ನುವುದು ನಮ್ಮ ಪಕ್ಕದ ತಮಿಳುನಾಡಿನದೇ, ಅದರಲ್ಲಿ ಗಂಡು ಕಣ್ಣಿಗೆ ಬೀಳುವುದೇ ಅಪರೂಪ. ನಿಮ್ಮದು ಅದೇ ಜಾತಿ ಅಂತ ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಕಡ್ಡಿ ಹುಳದ ಜಾತಿ ಬೇಕಾದಷ್ಟಿವೆ, ಫೋಟೋ ನೋಡಿ ಹೆಸರು ಹೇಳುವುದೂ ಕಷ್ಟ. ಅದೂ ಅಲ್ಲದೆ ನಿಮ್ಮ ಹುಳ ಗಿಡದಲ್ಲಿದ್ದಾಗಲೇ ಗಂಡಿನ ಜೊತೆ ಕೂಡಿರಬಹುದು. ಹೇಗಿದ್ದರೂ ಮೊಟ್ಟೆ ಎಸೆಯಬೇಡಿ, ಕಾಯಿರಿ. ಎರಡು ಮೂರು ವಾರಕ್ಕೆ ಏನೂ ಆಗಲಿಲ್ಲ ಅಂತ ಬೇಜಾರಾಗಬೇಡಿ, ಮೂರು ನಾಲ್ಕು ತಿಂಗಳು ಹಿಡಿಯುವುದು ಸಾಮಾನ್ಯ, ಕೆಲವು ಜಾತಿಗೆ ಇನ್ನೂ ಜಾಸ್ತಿ.

ಡಬ್ಬಿ ಸಾಲದು. ಈಗಿರುವ ದೊಡ್ಡ ಹುಳಕ್ಕೆ ಹೇಗೋ ನಡೆಯುತ್ತದೆ, ಮರಿಗಳಿಗೆ ಆಗುವುದಿಲ್ಲ. ಇವು ಪೊರೆ ಬಿಡುವಾಗ ಮೇಲಿನ ಕೊಂಬೆಗೋ ಬಲೆಗೋ ಕಾಲು ಸಿಕ್ಕಿಸಿಕೊಂಡು ತಲೆಕೆಳಗಾಗಿ ನೇತಾಡುತ್ತವೆ, ಹಳೇ ಚರ್ಮದಿಂದ ನಿಧಾನಕ್ಕೆ ಕೆಳಗೆ ಜಾರಿಕೊಂಡು ಹೊರಬರುತ್ತವೆ. ಕೆಳಗೆ ಜಾಗ ಇಲ್ಲದಿದ್ದರೆ ಮೆತ್ತಗಿರುವ ಮೈ ನೆಲಕ್ಕೆ ತಾಗಿ ಸೊಟ್ಟಗೇ ಗಟ್ಟಿಯಾಗುತ್ತದೆ. ಹಾಗಾಗಿ ಗೂಡಿನ ಎತ್ತರ ಹುಳದ ಉದ್ದಕ್ಕಿಂತ ಕನಿಷ್ಠ ಮೂರು ಪಟ್ಟು ಇರಲಿ. ದುಬಾರಿ ಗಾಜಿನ ತೊಟ್ಟಿ ಬೇಡವೇ ಬೇಡ. ಬಟ್ಟೆ ಹಾಕುವ ಮಡಚುವ ಜಾಲರಿ ಬುಟ್ಟಿ ಸಿಗುತ್ತಲ್ಲ, ಅದನ್ನು ನಿಲ್ಲಿಸಿ ಬಾಯಿಗೆ ಸೊಳ್ಳೆ ಪರದೆ ಕಟ್ಟಿದರೆ ಆಯಿತು. ಬುಟ್ಟಿಯ ತೂತು ದೊಡ್ಡದಿದ್ದರೆ ಸುತ್ತಲೂ ಪರದೆ ಹೊಲಿಯಿರಿ. ಮರಿ ದಾರದಷ್ಟು ತೆಳ್ಳಗಿರುತ್ತದೆ, ಎಲ್ಲಿ ಬೇಕಾದರೂ ನುಸುಳುತ್ತದೆ.

ಬಿಡಿ ಎಲೆ ಹಾಕಬೇಡಿ, ಬೇಗ ಒಣಗುತ್ತದೆ. ಸಣ್ಣ ಕೊಂಬೆ ಕಡಿದು ನೀರಿನ ಬಾಟಲಿಯಲ್ಲಿ ನಿಲ್ಲಿಸಿ. ಬಾಟಲಿ ಬಾಯಿಗೆ ಹತ್ತಿ ತುರುಕಲೇಬೇಕು, ಇಲ್ಲದಿದ್ದರೆ ಮರಿಗಳು ಇಳಿದು ಮುಳುಗುತ್ತವೆ. ಪೇರಲ ಎಲೆ ಚೆನ್ನಾಗಿ ತಿನ್ನುತ್ತವೆ, ಗುಲಾಬಿ ಎಲೆಯೂ ಆಗುತ್ತದೆ. ಆದರೆ ನರ್ಸರಿಯಿಂದ ಹೊಸದಾಗಿ ತಂದ ಗುಲಾಬಿಗೆ ಔಷಧಿ ಹೊಡೆದಿರುತ್ತಾರೆ, ಅದನ್ನು ಮಾತ್ರ ಹಾಕಬೇಡಿ.

ಅತ್ತೆಯವರಿಗೆ ಹೇಳಿ: ಇದು ಸೊಪ್ಪು ತಿನ್ನುವ ಹುಳ, ಕುಟುಕುವುದಿಲ್ಲ. ಅಮೆರಿಕದ ಕೆಲವು ಜಾತಿ ಕಣ್ಣು ಉರಿಯುವ ದ್ರವ ಚಿಮ್ಮಿಸುವುದು ನಿಜ. ಹಿತ್ತಲ ಹುಳಕ್ಕೆ ಅಷ್ಟು ಹೆದರಬೇಕಾಗಿಲ್ಲ, ಮುಟ್ಟಿದ ಮೇಲೆ ಕೈ ತೊಳೆದರೆ ಸಾಕು. ಮಗಳಿಗೂ ಒಂದು ಮಾತು ಹೇಳಿ, ಕಾಲು ಹಿಡಿದು ಎಳೆಯಬಾರದು. ಎಳೆದರೆ ಕಾಲನ್ನೇ ಬಿಟ್ಟು ಹೋಗುತ್ತದೆ. ಮರಿಯಾದರೆ ಮುಂದಿನ ಪೊರೆಗಳಲ್ಲಿ ಮತ್ತೆ ಚಿಗುರುತ್ತದೆ, ಪೂರ್ತಿ ಬೆಳೆದದ್ದು ಪೊರೆ ಬಿಡುವುದಿಲ್ಲ, ಹಾಗಾಗಿ ಕಾಲೂ ವಾಪಸ್ ಬರುವುದಿಲ್ಲ.

ಚಾಕಿ_ಮನೆ:

ನಾನು ಹೊಸದುರ್ಗ ಕಡೆಯವನು, ರೇಷ್ಮೆ ನಮ್ಮ ಕಸುಬು. ಕಡ್ಡಿ ಹುಳ ಸಾಕಿಲ್ಲ, ಆದರೆ ಹುಳ ಅಂದಮೇಲೆ ಹುಳ. ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ರೇಷ್ಮೆ ಹುಳಕ್ಕೆ ನಾಲ್ಕು ಜ್ವರ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಹಾಸಿಗೆ ಒಣಗಿಸಿ, ಗಾಳಿ ಆಡುವ ಹಾಗೆ ನೋಡಿಕೊಳ್ಳುತ್ತೇವೆ. ತೇವ ಇದ್ದರೆ ರೋಗ ಗ್ಯಾರಂಟಿ. ನೀವೂ ನೀರು ಗೀರು ಹೊಡೆಯಬೇಡಿ ಮೇಡಂ, ಒಣಗಿದ್ದರೆ ಒಳ್ಳೆಯದು.

ದುರ್ಗದ_ಕಡ್ಡಿ:

ಅಣ್ಣಾ, ಗಾಳಿ ಆಡಬೇಕು ಅನ್ನುವ ತನಕ ನಿಮ್ಮ ಮಾತು ಸರಿ. ಮಿಕ್ಕಿದ್ದು ಇಲ್ಲಿ ಪೂರ್ತಿ ಉಲ್ಟಾ. ರೇಷ್ಮೆ ಹುಳ ತಟ್ಟೆಯಲ್ಲಿ ಸಾವಿರಗಟ್ಟಲೆ ಒತ್ತಾಗಿ ಮಲಗಿರುತ್ತದೆ, ಕೆಳಗೆ ಹಿಕ್ಕೆ, ಉಳಿದ ಸೊಪ್ಪು, ಅದರ ಶಾಖ. ಅಲ್ಲಿ ತೇವ ಅಂದರೆ ರೋಗವೇ. ಕಡ್ಡಿ ಹುಳ ಗಾಳಿಯಲ್ಲಿ ಒಂಟಿಯಾಗಿ ನೇತಾಡುತ್ತಾ ಪೊರೆ ಬಿಡುತ್ತದೆ, ನಮ್ಮ ಕಡೆಯ ಒಣ ಗಾಳಿಯಲ್ಲಿ ಹಳೇ ಚರ್ಮ ಕಾಲಿಗೆ ಅಂಟಿಕೊಂಡು ಅರ್ಧಕ್ಕೇ ಸಿಕ್ಕಿಬೀಳುತ್ತದೆ. ಬಯಲುಸೀಮೆಯಲ್ಲಿ ಮರಿಗಳು ಸಾಯುವುದು ಹಸಿವಿನಿಂದಲ್ಲ, ಹೀಗೆ. ಸುಣ್ಣದ ಪುಡಿಯನ್ನಂತೂ ಹತ್ತಿರಕ್ಕೂ ತರಬೇಡಿ.

ಮೇಡಂ, ಸಂಜೆ ಹೊತ್ತು ಎಲೆಗೆ ಸಣ್ಣಗೆ ನೀರು ಚಿಮುಕಿಸಿ, ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿ ಸಾಕು. ಹುಳ ಆ ಹನಿಯನ್ನೇ ಕುಡಿಯುತ್ತದೆ. ಬೆಳಿಗ್ಗೆ ಹೊತ್ತಿಗೆ ಎಲ್ಲ ಆರಿರಬೇಕು, ಆರದಿದ್ದರೆ ನೀರು ಜಾಸ್ತಿಯಾಯಿತು ಅಂತ ಲೆಕ್ಕ. ಏಪ್ರಿಲ್, ಮೇನಲ್ಲಿ ಗೂಡನ್ನು ಮನೆಯ ತಂಪಾದ ಮೂಲೆಗೆ ಸರಿಸಿ, ಒಂದು ಪಕ್ಕಕ್ಕೆ ಒದ್ದೆ ಗೋಣಿಚೀಲ ಇಳಿಬಿಡಿ. ಫ್ಯಾನ್ ಕೆಳಗೆ ಮಾತ್ರ ಇಡಬೇಡಿ. ನೇತಾಡುತ್ತಿರುವ ಹುಳವನ್ನು ಮುಟ್ಟಬೇಡಿ, ಕೊಂಬೆಯನ್ನೂ ಅಲ್ಲಾಡಿಸಬೇಡಿ. ಬಿಟ್ಟ ಪೊರೆಯನ್ನು ಅದೇ ತಿನ್ನುತ್ತದೆ, ಗಾಬರಿ ಬೇಡ.

ಜಗಳೂರು_ಕಾಡುಗೋಳು:

ನನ್ನ ಪ್ರಶ್ನೆ ಬೇರೆ. ಯಾಕೆ ಸಾಕಬೇಕು? ಗಿಡದಲ್ಲೇ ಇತ್ತು, ಗಿಡದಲ್ಲೇ ಇರಲಿ. ಇಂಥ ಪೋಸ್ಟ್ ನೋಡಿ ನಾಳೆ ಯಾರೋ ಜೋಗಿಮಟ್ಟಿಗೋ ಕೊಂಡುಕುರಿ ಇರುವ ರಂಗಯ್ಯನದುರ್ಗಕ್ಕೋ ಹೋಗಿ ಹುಳ ತುಂಬಿಕೊಂಡು ಬರ್ತಾರೆ. ಅಭಯಾರಣ್ಯದಿಂದ ಹುಳ ತರುವುದೂ ತಪ್ಪೇ.

ದುರ್ಗದ_ಕಡ್ಡಿ:

ಕಾಡಿನ ವಿಷಯದಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಆನ್‌ಲೈನ್‌ನಲ್ಲಿ ವಿದೇಶದ ಜಾತಿ ತರಿಸುವುದೂ ಬೇಡ, ತಪ್ಪಿಸಿಕೊಂಡರೆ ಯಾರ ಗಿಡ ಮೇಯುತ್ತದೋ. ಆದರೆ ಹಿತ್ತಲ ಹುಳವನ್ನು ಒಂದು ಮಗು ಮೊಟ್ಟೆಯಿಂದ ನೋಡುವುದರಲ್ಲಿ ತಪ್ಪೇನು? ಸಾಕುವುದರಿಂದ ಉಳಿದ ಜಾತಿಯೂ ಇದೆ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪಕ್ಕೆ 1918ರಲ್ಲಿ ಹಡಗಿನಿಂದ ಇಲಿ ಇಳಿದವು, ಅಲ್ಲಿನ ದೊಡ್ಡ ಕಡ್ಡಿ ಹುಳ ನಿರ್ನಾಮ ಅಂತಲೇ ಎಲ್ಲರೂ ಕೈಬಿಟ್ಟಿದ್ದರು. 2001ರಲ್ಲಿ ಸಮುದ್ರದ ಮಧ್ಯೆ ನಿಂತಿರುವ ಬಾಲ್ಸ್ ಪಿರಮಿಡ್ ಅನ್ನುವ ಬಂಡೆಯ ಮೇಲೆ, ಒಂದು ಪೊದೆಯಲ್ಲಿ ಕೆಲವೇ ಕೆಲವು ಸಿಕ್ಕವು. 2003ರಲ್ಲಿ ತಂದ ಒಂದು ಜೋಡಿಯಿಂದ ಮೆಲ್ಬರ್ನ್ ಮೃಗಾಲಯದವರು ಸಾವಿರಾರು ಮರಿ ಮಾಡಿದರು. ನಮ್ಮ ಪೇರಲ ಗಿಡದ ಹುಳಕ್ಕೆ ಅಂಥ ಕಷ್ಟ ಬಂದಿಲ್ಲ, ಅದು ಬೇರೆ ಮಾತು.

ನಿಟುವಳ್ಳಿ_ಹಿತ್ತಲು:

ಎಲ್ಲರಿಗೂ ಥ್ಯಾಂಕ್ಸ್. ಬುಟ್ಟಿ ಇವತ್ತೇ ತರುತ್ತೇನೆ. ಅತ್ತೆ "ಸರಿ, ಅಡುಗೆಮನೆಗೆ ಮಾತ್ರ ಬರಕೂಡದು" ಅನ್ನುವ ಮಟ್ಟಕ್ಕೆ ಬಂದಿದ್ದಾರೆ. ಮೊಟ್ಟೆ ಎಲ್ಲಿಡಲಿ? ದಿನಾ ಒಂದೆರಡು ಬೀಳುತ್ತಲೇ ಇವೆ, ಎಲ್ಲ ಒಡೆದು ಮರಿಯಾದರೆ ಏನು ಗತಿ?

ದುರ್ಗದ_ಕಡ್ಡಿ:

ಸಣ್ಣ ಡಬ್ಬಿಯಲ್ಲಿ ತೆಳ್ಳಗೆ ಮರಳು ಹಾಸಿ ಮೇಲೆ ಇಡಿ, ಹೂಳಬೇಡಿ. ವಾರಕ್ಕೆ ಒಂದೆರಡು ಸಲ ಸ್ಪ್ರೇ. ಬೂಷ್ಟು ಬಂದ ಮೊಟ್ಟೆ ತೆಗೆದುಬಿಡಿ. ಇರುವೆ ಕಾಟ ಇದ್ದರೆ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಇಡಿ. ಕೆಲವು ಜಾತಿಯ ಮೊಟ್ಟೆಯ ತುದಿಯಲ್ಲಿ ಇರುವೆಗೆ ಇಷ್ಟವಾಗುವ ಸಣ್ಣ ಗುಬುಟು ಇರುತ್ತದೆ, ಹೊತ್ತುಕೊಂಡೇ ಹೋಗುತ್ತವೆ.

ಲೆಕ್ಕ ಈಗಲೇ ಹಾಕಿ. ಒಂದು ಹೆಣ್ಣು ಬದುಕಿನಲ್ಲಿ ನೂರಾರು ಮೊಟ್ಟೆ ಇಡಬಲ್ಲದು. ಹತ್ತು ಹದಿನೈದು ಇಟ್ಟುಕೊಳ್ಳಿ, ಮಿಕ್ಕಿದ್ದನ್ನು ಅದೇ ಪೇರಲ ಗಿಡದ ಬುಡಕ್ಕೆ ಹಾಕಿ. ಅಲ್ಲಿಯದೇ ಹುಳ, ಅಲ್ಲಿಗೇ ಹೋಗುತ್ತದೆ. ಬೇರೆ ಊರಿಂದ ಯಾರಾದರೂ ಮೊಟ್ಟೆ ಕೊಟ್ಟರೆ ಮಾತ್ರ ಹಾಗೆ ಮಾಡಬೇಡಿ, ಅವುಗಳಲ್ಲಿ ಹೆಚ್ಚಾದದ್ದನ್ನು ಕೆಲವು ದಿನ ಫ್ರೀಜರ್‌ನಲ್ಲಿಟ್ಟು ಆಮೇಲೆ ಕಸಕ್ಕೆ.

ಚಾಕಿ_ಮನೆ:

ಫ್ರೀಜರ್ ಅಡುಗೆಮನೆಯಲ್ಲೇ ಇರುತ್ತಲ್ಲಪ್ಪಾ. ಅತ್ತೆಯವರನ್ನು ಕೇಳಿಕೊಂಡು ಇಡಿ.