ಸಹಾಯ ಬೇಕು: ಬಸಿರಿನಲ್ಲಿ ಶುಗರ್, ಬೆಳಗಿನ ರೀಡಿಂಗ್ ಇಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನನಗೀಗ 29ನೇ ವಾರ, ಮೊದಲ ಬಸಿರು. 26ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡಿದ ಟೆಸ್ಟಿನಲ್ಲಿ ಖಾಲಿ ಹೊಟ್ಟೆಯದು 98, ಎರಡು ಗಂಟೆಯದು 161 ಬಂತು. ಆ ಟೆಸ್ಟಿಗೆ ಮಿತಿ 92 ಮತ್ತು 153. ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ, ಕೇಳಿ ಕೈಕಾಲೇ ಆಡಲಿಲ್ಲ.

ಊಟವಾಗಿ ಎರಡು ಗಂಟೆಗೆ 120ರ ಒಳಗೇ ಇರುತ್ತದೆ. ತೊಂದರೆ ಬೆಳಗಿನದು: 95ರ ಒಳಗಿರಬೇಕಾದ್ದು 100, 104. ಮಾಸುವಿನ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ, ರಾತ್ರಿ ಲಿವರ್ ತಾನೇ ಸಕ್ಕರೆ ಬಿಡುತ್ತದೆ, ನಿಮ್ಮ ತಪ್ಪಲ್ಲ ಅಂದರು ಡಾಕ್ಟರ್. ಈ ವಾರವೂ ಇಳಿಯದಿದ್ದರೆ ಇನ್ಸುಲಿನ್ ಅಂತೆ. ಮಾಸು ದಾಟಿ ಮಗುವಿಗೆ ಹೋಗುವುದು ಸಕ್ಕರೆ, ಇನ್ಸುಲಿನ್ ಅಲ್ಲ ಅಂತ ಗೊತ್ತು. ಆದರೂ ಸೂಜಿ ಅಂದರೆ ನನಗೆ ಮೊದಲಿಂದಲೂ ಜೀವ ಹೋದಹಾಗೆ!

ರಾತ್ರಿ ಇನ್ಸುಲಿನ್ ತಗೊಂಡವರು ಹೇಳಿ, ನಡುರಾತ್ರಿ ಶುಗರ್ ಕುಸಿದದ್ದುಂಟಾ? ಹುಟ್ಟಿದ ಮೊದಲ ಗಂಟೆಗಳಲ್ಲಿ ಮಗುವಿಗೂ ಸಕ್ಕರೆ ಇಳಿಯಬಹುದಂತೆ. ಹಿಮ್ಮಡಿ ಚುಚ್ಚಿ ನೋಡುವಾಗ ಮಗುವನ್ನು ನಿಮ್ಮ ಹತ್ತಿರವೇ ಬಿಟ್ಟಿದ್ದರಾ, ಬೇಗ ಹಾಲು ಕುಡಿಸಲು ಆಯ್ತಾ? ಬಾಣಂತನದಲ್ಲಿ ಆರು ವಾರ ಕಳೆದು ಮಾಡಿಸಿದ ಟೆಸ್ಟ್ ನಾರ್ಮಲ್ ಬಂತಾ?

ಇನ್ಸುಲಿನ್ ಬೇಡವೇ ಬೇಡ ಅನ್ನುವ ಸಲಹೆ ಮಾತ್ರ ಕೊಡಬೇಡಿ, ಅದು ಆಗಲೇ ಸಾಕಷ್ಟು ಸಿಕ್ಕಿದೆ.